ಮಳೆಗಾಲಕ್ಕೆ ಬೀಳುವ ಹೆರಿಗೆ

ಮನೆಯ ಹೆಣ್ಣುಮಗಳು ಗರ್ಭಿಣಿಯೆಂದು ತಿಳಿದರೆ ಬೇರೆ ಊರುಗಳಲ್ಲಿ ‘ಎಷ್ಟು ತಿಂಗಳು?’ ಎಂದು ಕೇಳುತ್ತಾರೆ. ನಮ್ಮ ಜೊಯಿಡಾದಲ್ಲಿ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ‘ಮಳೆಗಾಲಕ್ಕೆ ಬೀಳುತ್ತದಾ?’

ನಮ್ಮ ಮಗಳ ಮೊದಲ ಹೆರಿಗೆ ಮಳೆಗಾಲಕ್ಕೇ ಬಿತ್ತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಅದರ ಮೇಲೆ ಏಳು ದಿನ ಸೇರಿಸಿ ವೈದ್ಯರು ಹೇಳಿದ ತಾರೀಕು ಜುಲೈ 22. ತಾಯಿ ಕಾರ್ಡಿನಲ್ಲಿ ಆ ತಾರೀಕು ನೋಡಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜುಲೈ ಅಂದರೆ ಇಲ್ಲಿ ಹಳ್ಳಗಳು ದಾರಿಯ ಮೇಲೆ ಹರಿಯುವ ತಿಂಗಳು. ಮರ ಬೀಳುವ, ಕರೆಂಟು ಹೋಗುವ, ಫೋನು ಸತ್ತುಹೋಗುವ ತಿಂಗಳು. ಆದರೂ ನಾವು ಮಗಳನ್ನು ಹುಬ್ಬಳ್ಳಿಯಿಂದ ಇಲ್ಲಿಗೇ ಕರೆತಂದೆವು. ಯಾಕೆ ಕರೆತಂದೆವು, ಅದರಿಂದ ಏನಾಯಿತು, ಈಗ ನಮಗೆ ಏನನ್ನಿಸುತ್ತದೆ ಎಂಬುದನ್ನು ಹೇಳಬೇಕೆಂದೇ ಗಂಡಹೆಂಡತಿ ಸೇರಿ ಇದನ್ನು ಬರೆಯುತ್ತಿದ್ದೇವೆ. ನಮ್ಮಂತೆ ಮಗಳ ತಾರೀಕು ಎಣಿಸುತ್ತಿರುವ ತಂದೆತಾಯಿಗಳು ಓದುಗರಲ್ಲಿ ಖಂಡಿತ ಇದ್ದಾರೆ.

ಜೊಯಿಡಾವನ್ನು ಕಾಣದವರಿಗೆ ಎರಡು ಮಾತು. ಇದು ಉತ್ತರ ಕನ್ನಡದ ಕಾಡಿನ ತಾಲ್ಲೂಕು. ವಿಸ್ತಾರದಲ್ಲಿ ದೊಡ್ಡದು, ಜನಸಂಖ್ಯೆಯಲ್ಲಿ ಚಿಕ್ಕದು. ಇಡೀ ತಾಲ್ಲೂಕಿನ ಜನ ಐವತ್ತು ಸಾವಿರದ ಆಸುಪಾಸು. ಹಿಂದೆ ಇದರ ಹೆಸರೇ ಸೂಪಾ ತಾಲ್ಲೂಕು. ಕಾಳಿ ನದಿಗೆ ನೂರು ಮೀಟರಿಗೂ ಎತ್ತರದ ಅಣೆಕಟ್ಟು ಎದ್ದು 1980ರ ದಶಕದಲ್ಲಿ ಸೂಪಾ ಪೇಟೆ ನೀರಿನಡಿಗೆ ಹೋಯಿತು. ಕಚೇರಿಗಳು ಜೊಯಿಡಾಕ್ಕೆ ಬಂದವು. ಜನರಲ್ಲಿ ಹಲವರು ರಾಮನಗರಕ್ಕೆ ಹೋದರು, ಕೆಲವರು ಇಲ್ಲಿಗೆ ಬಂದರು. ನಮ್ಮ ಮನೆಯವರು ಇಲ್ಲಿಗೆ ಬಂದವರು. ಸುತ್ತಲಿನ ಕಾಡು 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂತು. ಉಳವಿ, ಗುಂದ, ಡಿಗ್ಗಿ, ಬಜಾರಕುಣಂಗ, ಅಣಶಿ, ಕ್ಯಾಸಲ್‌ರಾಕ್ ಎಂದು ಊರುಗಳ ಹೆಸರು ಹೇಳುವುದು ಸುಲಭ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಬೇರೆ ಮಾತು. ಊರೆಂದರೆ ಐದಾರು ಮನೆ, ಮಧ್ಯೆ ಕಾಡು, ಮತ್ತೆ ನಾಲ್ಕು ಮನೆ. ಮಜರೆಯಿಂದ ಟಾರು ರಸ್ತೆಗೆ ಬರಲು ಒಂದು ಹಳ್ಳ ದಾಟಬೇಕು. ಹಳ್ಳದ ಮೇಲೆ ಮರದ ಕಾಲುಸಂಕ.

ತಾಲ್ಲೂಕು ಆಸ್ಪತ್ರೆ ಊರಲ್ಲೇ ಇದೆ. ಸರಳ ಹೆರಿಗೆಗೆ ಅದು ಆಸರೆ. ಆದರೆ ಹೊಟ್ಟೆ ಕೊಯ್ಯಬೇಕು, ರಕ್ತ ಕೊಡಬೇಕು, ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು ಎಂದಾದಾಗ ಇಲ್ಲಿನ ಜನ ದಾಂಡೇಲಿ, ಹಳಿಯಾಳ ದಾಟಿ ಧಾರವಾಡ ಹುಬ್ಬಳ್ಳಿಗೋ, ಅಣಶಿ ಘಟ್ಟ ಇಳಿದು ಕಾರವಾರಕ್ಕೋ ಹೋಗುವುದು ಬಹುಕಾಲದ ರೂಢಿ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿಯತ್ತ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾವು ಮಗಳನ್ನು ಕರೆತಂದೆವು. ಅಳಿಯ ಬೇಡವೆಂದಿದ್ದ. ‘ಮಾಮಾ, ಇಲ್ಲಿ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ. ಬೇಕಾದರೆ ಅತ್ತೆಯವರೇ ಇಲ್ಲಿಗೆ ಬಂದು ಇರಲಿ’ ಎಂದು ಮೆಲ್ಲಗೆ ಹೇಳಿದ. ನಮಗೆ ಆ ಮಾತು ಅವಮಾನದಂತೆ ಕಂಡಿತು. ಚೊಚ್ಚಲ ಹೆರಿಗೆ ತವರಿನದು. ಮಗಳನ್ನು ಕರೆಸಿಕೊಳ್ಳಲಾರದಷ್ಟು ಬಡವರಾದೆವೇ ನಾವು? ನೆಂಟರು ಏನೆಂದಾರು? ಈ ಪ್ರಶ್ನೆಗಳು ನಮ್ಮ ತಲೆಯಲ್ಲಿ ಎದ್ದಷ್ಟು ಬೇಗ ದೂರದ ಲೆಕ್ಕ ಏಳಲಿಲ್ಲ.

ಏಳನೇ ತಿಂಗಳಲ್ಲಿ ಮಗಳ ಮಡಿಲು ತುಂಬಿ ಮೇ ತಿಂಗಳ ಮೊದಲ ವಾರ ಕರೆತಂದೆವು. ಇದಕ್ಕೆ ನಮ್ಮ ಮನೆಯಲ್ಲಿ ಸತ್ವಾಸಾ ಎನ್ನುತ್ತೇವೆ. ಹಳಿಯಾಳದ ಕಡೆಯ ಲಿಂಗಾಯತರ ಮನೆಯಲ್ಲಿ ಕುಬಸ. ಪಕ್ಕದ ಮರಾಠಿ ಮಾತಿನವರ ಮನೆಯಲ್ಲಿ ಡೋಹಾಳೆ ಜೇವಣ. ಹೆಸರು ಮೂರಾದರೂ ಹಸಿರು ಬಳೆ ಒಂದೇ, ತುಂಬಿದ ಮಡಿಲನ್ನು ನೋಡಿ ಒದ್ದೆಯಾಗುವ ಕಣ್ಣು ಒಂದೇ. ಅಂದು ನಮ್ಮ ಅಂಗಳದಲ್ಲಿ ಮೂರು ಭಾಷೆಯ ಹೆಂಗಸರು ಕುಳಿತು ಮಗಳಿಗೆ ಬುದ್ಧಿ ಹೇಳಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪೆಂದರು. ತುಪ್ಪ ತಿಂದರೆ ಹೆರಿಗೆ ಸಲೀಸು ಎಂದರು ಒಬ್ಬರು. ಜಾಸ್ತಿ ತಿಂದರೆ ಕೂಸು ಬೆಳೆದು ಹೊರಗೆ ಬರಲಿಕ್ಕಿಲ್ಲ ಎಂದರು ಇನ್ನೊಬ್ಬರು. ಮಗಳು ಇಬ್ಬರಿಗೂ ತಲೆಯಾಡಿಸಿದಳು.

ಈ ಕೊನೆಯ ಮೂರು ತಿಂಗಳಲ್ಲಿ ಹೆಣ್ಣಿನ ದೇಹದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಮೂರು ಮಕ್ಕಳ ತಂದೆತಾಯಿಯಾದ ನಾವೂ ಸರಿಯಾಗಿ ತಿಳಿದಿರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಮತ್ತು ಆಸ್ಪತ್ರೆಯ ನರ್ಸಮ್ಮನಿಂದ ಕಲಿತೆವು. ಇಪ್ಪತ್ತೆಂಟನೇ ವಾರದಲ್ಲಿ ಸುಮಾರು ಒಂದು ಕಿಲೋ ಇರುವ ಕೂಸು ನಲವತ್ತನೇ ವಾರಕ್ಕೆ ಮೂರು ಕಿಲೋ ಹತ್ತಿರ ಬರುತ್ತದೆ. ಅಂದರೆ ಅದರ ತೂಕದ ಮೂರರಲ್ಲಿ ಎರಡು ಪಾಲು ಈ ಮೂರು ತಿಂಗಳಲ್ಲೇ ಕೂಡಬೇಕು. ಹುಟ್ಟಿದ ಮೇಲೆ ಆರು ತಿಂಗಳವರೆಗೆ ಬೇಕಾಗುವ ಕಬ್ಬಿಣಾಂಶವನ್ನೂ ಕೂಸು ಈಗಲೇ ತಾಯಿಯ ರಕ್ತದಿಂದ ಎಳೆದು ಕೂಡಿಟ್ಟುಕೊಳ್ಳುತ್ತದೆ. ಹಾಗಿರುವಾಗ ‘ಕಡಿಮೆ ತಿನ್ನು, ಕೂಸು ಚಿಕ್ಕದಿರಲಿ’ ಎನ್ನುವುದು ಎಂಥ ಕ್ರೌರ್ಯ! ಸಣ್ಣ ಕೂಸು ಸುಲಭವಾಗಿ ಹುಟ್ಟಬಹುದು, ಆದರೆ ಬದುಕಲು ಹೆಣಗುತ್ತದೆ.

ಮೇಲಕ್ಕೇರಿದ ಗರ್ಭ ಹೊಟ್ಟೆಯನ್ನು ಒತ್ತುವುದರಿಂದ ಎದೆಯುರಿ ಬರುತ್ತದೆ. ಎರಡೇ ಹೊತ್ತು ತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಉಂಡರೆ ಅದು ತಗ್ಗುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಸೊಂಟ ನೋಯುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುವುದರಿಂದ ಮಗ್ಗುಲಾಗಿ ಮಲಗಬೇಕು, ಎಡಮಗ್ಗುಲಾದರೆ ಒಳ್ಳೆಯದು. ಕೊನೆಯ ಎರಡು ಮೂರು ವಾರಗಳಲ್ಲಿ ಕೂಸಿನ ತಲೆ ಕೆಳಗಿಳಿಯುತ್ತದೆ. ‘ಹೊಟ್ಟೆ ಇಳಿಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಆಗ ಉಸಿರಾಟ ಹಗುರಾಗುತ್ತದೆ, ಮೂತ್ರಕ್ಕೆ ಮಾತ್ರ ಗಳಿಗೆಗೊಮ್ಮೆ ಏಳಬೇಕು. ಹಿತ್ತಲ ಬಚ್ಚಲಿಗೆ ಮಳೆಯಲ್ಲಿ ಜಾರುವ ಕಲ್ಲಿನ ಮೇಲೆ ರಾತ್ರಿ ನಾಲ್ಕು ಸಲ ಹೋಗುವ ತುಂಬು ಗರ್ಭಿಣಿಯ ಕಷ್ಟ ಯಾವ ಪುಸ್ತಕದಲ್ಲಿದೆಯೋ ಗೊತ್ತಿಲ್ಲ. ನಾವು ಆ ಕಲ್ಲುಗಳ ಮೇಲೆ ಗೋಣಿಚೀಲ ಹಾಸಿದೆವು. ನಮ್ಮಲ್ಲಿ ಅಪ್ಪನಾದವನು ಮಾಡಿದ ಮೊದಲ ಬಾಣಂತನದ ಕೆಲಸ ಅದು.

ಜೂನ್ ಕೊನೆಯಲ್ಲಿ ಒಂದು ರಾತ್ರಿ ಮಗಳು ಹೊಟ್ಟೆ ಹಿಡಿದುಕೊಂಡು ಎದ್ದು ಕುಳಿತಳು. ಹೊಟ್ಟೆ ಕಲ್ಲಿನಂತಾಗಿತ್ತು. ನಾವು ಕಂಗಾಲಾದೆವು. ಒಬ್ಬರು ಬಟ್ಟೆ ತುಂಬತೊಡಗಿದರೆ ಇನ್ನೊಬ್ಬರು ಟಾರ್ಚು ಹುಡುಕುತ್ತ ಮಳೆಗಿಳಿದೆವು. ಮನೆಯ ಹಿರಿಯ ಜೀವ ಅಮ್ಮಿ ಮಾತ್ರ ಹಾಸಿಗೆಯಿಂದಲೇ, ‘ನೀರು ಕುಡಿಸಿ, ನಾಲ್ಕು ಹೆಜ್ಜೆ ನಡೆಸಿ. ನಿಲ್ಲುತ್ತದೋ ನೋಡಿ’ ಎಂದರು. ಅರ್ಧ ಗಂಟೆಯಲ್ಲಿ ನಿಂತಿತು. ಅದು ಸುಳ್ಳು ನೋವು. ಹೆರಿಗೆಗೆ ಗರ್ಭಕೋಶ ತಾಲೀಮು ನಡೆಸುತ್ತಿರುತ್ತದೆಯಂತೆ. ನಡೆದರೆ, ಮಗ್ಗುಲು ಬದಲಿಸಿದರೆ ಕಡಿಮೆಯಾಗುವುದು ಸುಳ್ಳು ನೋವು. ಏನು ಮಾಡಿದರೂ ನಿಲ್ಲದೆ, ಲೆಕ್ಕವಿಟ್ಟಂತೆ ಮತ್ತೆ ಮತ್ತೆ ಬಂದು, ಬರಬರುತ್ತ ಹತ್ತಿರ ಹತ್ತಿರವಾಗಿ ಬಲಿಯುವುದು ನಿಜವಾದ ನೋವು. ರಕ್ತದ ಎಳೆ ಬೆರೆತ ಲೋಳೆ ಹೋಗುವುದು, ನೀರು ಒಡೆಯುವುದು ಇದರ ಸೂಚನೆ. ಐದು ನಿಮಿಷಕ್ಕೊಮ್ಮೆ ನೋವು ಬಂದಾಗ ಹೊರಡಿ ಎಂದು ಪೇಟೆಯ ಜನರಿಗೆ ಹೇಳುತ್ತಾರೆ. ಕಾಡಿನವರು ಅಷ್ಟು ಕಾಯುವಂತಿಲ್ಲ.

ಅಮ್ಮಿಯ ಆ ಒಂದು ಮಾತು ಸರಿಯಾಯಿತು. ಅದರಿಂದಲೇ ನಾವು ಮೋಸಹೋದೆವು. ಮುಂದಿನದೆಲ್ಲವೂ ಹೀಗೇ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆವು.

ಜುಲೈ ಮೊದಲ ವಾರ ಮಳೆ ಹಿಡಿದುಕೊಂಡಿತು. ಮಗಳ ಕಾಲು ಊದಿತ್ತು. ‘ಎಲ್ಲರಿಗೂ ಊದುತ್ತದೆ’ ಎಂದೆವು. ಸಂಜೆ ಹೊತ್ತು ಪಾದ ಊದುವುದು ಬಹಳ ಗರ್ಭಿಣಿಯರಿಗೆ ಸಹಜವೇ. ಆದರೆ ಅವಳ ಮುಖವೂ ಊದಿತ್ತು. ಬೆರಳಿನ ಉಂಗುರ ಕಚ್ಚಿಕೊಂಡಿತ್ತು. ಮುಖ ತುಂಬಿಕೊಂಡಿದೆ, ಕಳೆ ಬಂದಿದೆ, ಹೆಣ್ಣು ಮಗುವೇ ಇರಬೇಕು ಎಂದು ನೆರೆಯವರು ಸಂತೋಷಪಟ್ಟರು. ನಾವೂ ನಕ್ಕೆವು. ಎರಡು ದಿನದಿಂದ ತಲೆನೋವೆಂದು ಅವಳು ಹೇಳಿದಾಗ ನಮ್ಮಲ್ಲಿ ತಾಯಿಯಾದವಳು ಹಣೆಗೆ ಬಾಮು ಹಚ್ಚಿ, ರಾತ್ರಿ ಫೋನು ನೋಡುವುದು ಬಿಡು ಎಂದು ಗದರಿದಳು. ಈ ಸಾಲು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಆಶಾ ಕೊಡೆ ಮಡಚುತ್ತ ಒಳಗೆ ಬಂದವಳು ಮಗಳ ಮುಖ ನೋಡಿ ಕೂರಲೇ ಇಲ್ಲ. ‘ಭಾಬಿ, ಇವಳ ಉಂಗುರ ಯಾವಾಗಿನಿಂದ ಬಿಗಿಯಾಗಿದೆ? ತಲೆನೋವಿದೆಯಾ? ಕಣ್ಣು ಮಂಜಾಗುತ್ತದಾ?’ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಕಣ್ಣ ಮುಂದೆ ಮಿಣುಕುಹುಳ ಹಾರಿದಂತಾಗುತ್ತದೆ ಎಂದಳು ಮಗಳು. ಅದನ್ನು ನಮಗೆ ಹೇಳಿರಲಿಲ್ಲ. ಹೇಳಿದರೆ ಗಾಬರಿಯಾಗುತ್ತೀರಿ ಅಂತ ಸುಮ್ಮನಿದ್ದೆ ಎಂದಳು. ಹತ್ತು ನಿಮಿಷದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದೆವು. ರಕ್ತದೊತ್ತಡ 160ಕ್ಕೆ 110. ಮೂತ್ರದಲ್ಲಿ ಪ್ರೋಟೀನು. 140ಕ್ಕೆ 90 ಮುಟ್ಟಿದರೇ ಎಚ್ಚರಿಕೆಯೆಂದು ಆಮೇಲೆ ತಿಳಿಯಿತು. ಪ್ರಿ ಎಕ್ಲಾಂಪ್ಸಿಯಾ ಎಂದು ವೈದ್ಯರು ಹೇಳಿದರು. ಗರ್ಭಿಣಿಯ ರಕ್ತದೊತ್ತಡ ಏರಿ, ಮೂತ್ರಪಿಂಡ, ಯಕೃತ್ತು, ಮೆದುಳಿಗೆಲ್ಲ ತಗಲುವ ಕಾಯಿಲೆ. ಮುಂದುವರಿದರೆ ಅಪಸ್ಮಾರದಂತೆ ಫಿಟ್ಸು ಬರುತ್ತದೆ. ತಾಯಿ, ಮಗು ಇಬ್ಬರನ್ನೂ ಒಯ್ಯಬಹುದು. ಹೆರಿಗೆಯಾಗುವುದೇ ಇದಕ್ಕೆ ಕೊನೆಯ ಮದ್ದು.

ಅಲ್ಲಿನ ವೈದ್ಯರು ತಡಮಾಡದೆ ಒತ್ತಡ ಇಳಿಸುವ ಔಷಧಿ ಕೊಟ್ಟು, ಮೆಗ್ನೀಶಿಯಂ ಸಲ್ಫೇಟ್ ಇಂಜೆಕ್ಷನ್ ಚುಚ್ಚಿ, 108 ಕರೆಸಿ, ಜೊತೆಗೆ ಒಬ್ಬ ನರ್ಸಮ್ಮನನ್ನು ಕೂರಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ಇಂಜೆಕ್ಷನ್ ದುಬಾರಿ ಔಷಧಿಯೇನಲ್ಲ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಮ್ಯಾಗ್‌ಪೈ ಎಂಬ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಈ ಔಷಧಿ ಫಿಟ್ಸಿನ ಅಪಾಯವನ್ನು ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸುತ್ತದೆ ಎಂದು ಅದರಿಂದ ಖಚಿತವಾಯಿತು. ನಮ್ಮ ಮಗಳು ಆ ಹೊತ್ತಿನಲ್ಲಿ ಉಳಿದದ್ದು ಆ ಒಂದು ಚುಚ್ಚುಮದ್ದಿನಿಂದ, ಮತ್ತು ಅದನ್ನು ಕೊಡಲು ಹಿಂಜರಿಯದ ಕೈಗಳಿಂದ.

ದಾಂಡೇಲಿಯ ದಾರಿಯಲ್ಲಿ ಕಾಡಿನ ನಡುವೆ ಒಂದು ಮರ ಅಡ್ಡ ಬಿದ್ದಿತ್ತು. ಎರಡೂ ಕಡೆ ವಾಹನ ನಿಂತಿದ್ದವು. ಒಳಗೆ ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ಅವಳ ಮುಖದ ಮೇಲೆ ಬೆಳಕು ಬೀಳದಂತೆ ನರ್ಸಮ್ಮ ದುಪಟ್ಟಾ ಹಿಡಿದಿದ್ದರು. ಹೊರಗೆ ಹಾಲಿನ ಗಾಡಿಯವನು, ಬಸ್ಸಿನ ಕಂಡಕ್ಟರು, ಎಲ್ಲಿಂದಲೋ ಬಂದ ಇಬ್ಬರು ಕುಣಬಿ ಹುಡುಗರು ಕತ್ತಿ ಕೊಡಲಿ ಹಿಡಿದು ಕೊಂಬೆ ಕಡಿಯುತ್ತಿದ್ದರು. ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನಮಗೆ ಅಳಿಯನ ಮಾತೊಂದೇ ಕೇಳಿಸುತ್ತಿತ್ತು. ‘ಇಲ್ಲಿ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ.’

ಅಂದು ಸಂಜೆ ಸಿಸೇರಿಯನ್ ಆಯಿತು. ಮೂವತ್ತೇಳು ವಾರ ತುಂಬಿ ಐದು ದಿನವಾಗಿತ್ತು. ಕೂಸು 2 ಕಿಲೋ 300 ಗ್ರಾಂ. ಗಂಡು. ಎದೆಗೆ ಅಪ್ಪಿಸಿ ಮೈಯ ಬಿಸಿಯಲ್ಲೇ ಇಟ್ಟುಕೊಳ್ಳಿ ಎಂದರು. ಮಗಳಿಗೆ ಎಚ್ಚರ ಬರುವ ತನಕ ಅಳಿಯ ಅಂಗಿ ಬಿಚ್ಚಿ ಕೂಸನ್ನು ಎದೆಗವಚಿಕೊಂಡು ಕುಳಿತ. ನಮ್ಮ ಕಾಲದಲ್ಲಿ ಗಂಡಸರು ಹೆರಿಗೆ ಕೋಣೆಯ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಿದ್ದರು. ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ಹೆರಿಗೆಯಲ್ಲಿ ಹೆಂಗಸರು ಯಾಕೆ ಸಾಯುತ್ತಾರೆ ಎಂದು ಯೋಚಿಸಿದವರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರಿದ್ದಾರೆ. 1994ರಲ್ಲಿ ಅವರು ಮೂರು ವಿಳಂಬಗಳ ಮಾತು ಹೇಳಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವಲ್ಲಿ ಆಗುವ ವಿಳಂಬ ಮೊದಲನೆಯದು. ದಾರಿಯಲ್ಲಿ ಆಗುವುದು ಎರಡನೆಯದು. ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆಗುವುದು ಮೂರನೆಯದು. ಮಳೆಯನ್ನೂ ಮರವನ್ನೂ ಸರ್ಕಾರವನ್ನೂ ಬೈಯುತ್ತ ಮನೆಗೆ ಬಂದ ನಮಗೆ ಈ ಮಾತು ತಿಳಿದಾಗ ತಲೆ ತಗ್ಗಿತು. ಮರ ನಿಲ್ಲಿಸಿದ್ದು ನಲವತ್ತು ನಿಮಿಷ. ನಾವು ನಿಲ್ಲಿಸಿದ್ದು ಎರಡು ದಿನ. ಮೊದಲ ವಿಳಂಬ ನಾವೇ ಆಗಿದ್ದೆವು.

ಹಾಗೆಂದು ಉಳಿದೆರಡು ವಿಳಂಬಗಳನ್ನು ಕ್ಷಮಿಸಬೇಕೆಂದಲ್ಲ. ನಮಗೆ ಟಾರು ರಸ್ತೆಯ ಪಕ್ಕ ಮನೆಯಿತ್ತು, ಫೋನಿತ್ತು, ಕೈಯಲ್ಲಿ ನಾಲ್ಕು ಕಾಸಿತ್ತು. ಹಳ್ಳದಾಚೆಯ ಮಜರೆಯ ಕುಣಬಿ ಹೆಣ್ಣುಮಗಳಿಗೆ? ಜೂನ್, ಜುಲೈ ಅಂದರೆ ನಾಟಿಯ ಕಾಲ. ಎಂಟು ತಿಂಗಳ ಹೊಟ್ಟೆ ಹೊತ್ತು ಕೆಸರುಗದ್ದೆಯಲ್ಲಿ ಬಗ್ಗಿ ಸಸಿ ನೆಡುವವರನ್ನು ನಾವು ಕಂಡಿದ್ದೇವೆ. 2017ರಲ್ಲಿ ತಿದ್ದುಪಡಿಯಾದ ಕಾನೂನು ನೌಕರಿಯ ತಾಯಂದಿರಿಗೆ 26 ವಾರಗಳ ಹೆರಿಗೆ ರಜೆ ಕೊಟ್ಟಿತು. ಗದ್ದೆಯ ಕೂಲಿಗೆ ಅಂಥ ರಜೆಯನ್ನು ಯಾರು ಕೊಡುತ್ತಾರೆ? ಅದೇ 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಬಂದು ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವೆಂದಾಯಿತು. ಒಳ್ಳೆಯದೇ. ಆದರೆ ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಗರ್ಭಿಣಿ ಒಂದು ಊಟಕ್ಕಾಗಿ ದಿನವೂ ಗುಡ್ಡ ಹತ್ತಿ ಇಳಿದು ಬರುವುದು ಹೇಗೆಂಬ ಪ್ರಶ್ನೆ ಆಗಲೇ ಎದ್ದಿತು. ಮನೆಯ ಹಿತ್ತಲಲ್ಲೇ ಮುಡ್ಲಿ, ಕೋನದಂಥ ಗೆಡ್ಡೆಗಳನ್ನು ಬೆಳೆದು ಉಣ್ಣುವ ಜನ ಇವರು. ಅದರ ಜೊತೆಗೆ ಸೊಪ್ಪು, ಹುರುಳಿ, ಮೊಟ್ಟೆ, ಮೀನು, ದಿನಕ್ಕೊಂದು ಕಬ್ಬಿಣದ ಮಾತ್ರೆ ಸೇರಿದರೆ ರಕ್ತಹೀನತೆ ಬಹುಪಾಲು ತಪ್ಪುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಅದು ತೀವ್ರ. ಅಂಥವಳಿಗೆ ಹೆರಿಗೆಯಲ್ಲಿ ಹೋಗುವ ಸ್ವಲ್ಪ ರಕ್ತವೂ ಪ್ರಾಣಕ್ಕೆ ಎರವಾಗುತ್ತದೆ. ಕನಿಷ್ಠ 180 ಮಾತ್ರೆ ನುಂಗಬೇಕೆಂದು ಸರ್ಕಾರ ಪುಕ್ಕಟೆ ಕೊಡುತ್ತದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಅವು ಗೂಡಿನಲ್ಲೇ ಉಳಿಯುತ್ತವೆ. ಮಲ ಕಪ್ಪಾಗುವುದರಿಂದ ಯಾವ ಕೇಡೂ ಇಲ್ಲ. ಚಹಾದ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಮಾತ್ರೆ ಮೈಗೆ ಹತ್ತುತ್ತದೆ.

ದೇಶದಲ್ಲಿ ಏನೂ ಸುಧಾರಿಸಿಲ್ಲ ಎಂದರೆ ಅದು ಸುಳ್ಳಾಗುತ್ತದೆ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಅದರ ಜೊತೆ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸು, 2011ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧಿ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತವೆಂಬ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆ. ಇವೆಲ್ಲ ಸೇರಿ ಆದ ಇಳಿಕೆ ಇದು. ಆದರೆ ಅದೇ 2018-20ರಲ್ಲಿ ಪಕ್ಕದ ಕೇರಳದ ಸಂಖ್ಯೆ 19. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟವೇ ಪ್ರಶ್ನೆಗೊಳಗಾದದ್ದನ್ನು ಮರೆಯುವಂತಿಲ್ಲ. ಅವರು ಮನೆಯಲ್ಲಿ ತಡಮಾಡಿದವರಲ್ಲ, ದಾರಿಯಲ್ಲಿ ಸಿಕ್ಕಿಕೊಂಡವರೂ ಅಲ್ಲ. ಆಸ್ಪತ್ರೆ ಮುಟ್ಟಿದ ಮೇಲೂ ಹೆಣ್ಣಿನ ಜೀವ ಕ್ಷೇಮವೆನ್ನುವಂತಿಲ್ಲದಿದ್ದರೆ ಅವಳು ಎಲ್ಲಿಗೆ ಹೋಗಬೇಕು?

ಮನೆಯಲ್ಲಿ ಹೆರುವುದೇ ಒಳ್ಳೆಯದಿತ್ತು ಎನ್ನುವವರೂ ನಮ್ಮ ನಡುವೆ ಇದ್ದಾರೆ. ಸೂಲಗಿತ್ತಿಯರ ಬಗ್ಗೆ ನಮಗೂ ಅಪಾರ ಗೌರವವಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹಳ್ಳಿಹಳ್ಳಿಯ ಅಜ್ಜಿಯರಿಗೆಲ್ಲ ಸಂದ ಮರ್ಯಾದೆ ಅದೆಂದು ನಮ್ಮ ಅಮ್ಮಿ ಖುಷಿಪಟ್ಟಿದ್ದರು. ಅಮ್ಮಿಯ ಹೆರಿಗೆಗಳನ್ನೆಲ್ಲ ಹಳೆಯ ಸೂಪಾದಲ್ಲಿ ಮಾಡಿಸಿದ್ದು ಒಬ್ಬ ಕುಣಬಿ ಆಯಿ. ಎಷ್ಟು ಹೆರಿಗೆ ಎಂದು ಮಗಳು ಒಮ್ಮೆ ಕೇಳಿದಳು. ಅಮ್ಮಿ ಬೆರಳು ಮಡಚಿ ‘ಏಳು’ ಎಂದರು. ಉಳಿದದ್ದು ನಾಲ್ಕು. ಆ ಮೂರರ ಬಗ್ಗೆ ನಾವು ಅವತ್ತಿನವರೆಗೆ ಕೇಳಿಯೇ ಇರಲಿಲ್ಲ. ಎಲ್ಲ ನೀರಿನಡಿ ಹೋಯಿತು ಎಂದು ಅಮ್ಮಿ ಕೈ ಬೀಸಿದರು. ಅವರು ಹೇಳಿದ್ದು ಊರಿನ ಮಾತೋ, ಕೂಸುಗಳ ಗೋರಿಯ ಮಾತೋ ತಿಳಿಯಲಿಲ್ಲ. ಹಿಂದಿನ ಕಾಲದಲ್ಲಿ ಹೆರಿಗೆ ಸಲೀಸಾಗಿತ್ತು ಎನ್ನುವವರು ಇಂಥ ಲೆಕ್ಕವನ್ನೂ ಕೇಳಬೇಕು.

ಹಾಗಾದರೆ ಕಾಡಿನ ಹೆಣ್ಣಿಗೆ ದಾರಿಯೇನು? ಮಹಾರಾಷ್ಟ್ರದ ಗಡಚಿರೋಲಿಯಂಥ ಆದಿವಾಸಿ ಪ್ರದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಆವರಣದಲ್ಲೇ ಒಂದು ಮನೆ ಕಟ್ಟಿ, ದೂರದ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ಜೊತೆಯವರೊಂದಿಗೆ ಇರುವ ವ್ಯವಸ್ಥೆ ಮಾಡಿದ್ದಾರೆ. ಅದಕ್ಕೆ ಅವರು ಇಟ್ಟ ಹೆಸರು ‘ಮಾಹೇರ್ ಘರ್’. ಅಂದರೆ ತವರುಮನೆ. ಒಡಿಶಾದಲ್ಲಿ ಅದನ್ನು ‘ಮಾ ಗೃಹ’ ಎನ್ನುತ್ತಾರೆ. ದೂರದ ಕ್ಯೂಬಾ ದೇಶ 1962ರಿಂದಲೇ ಇಂಥ ಮನೆಗಳನ್ನು ನಡೆಸುತ್ತಿದೆ. ಮರಾಠಿ ಬಲ್ಲ ನಮ್ಮ ಜೊಯಿಡಾದವರಿಗೆ ಮಾಹೇರ್ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳ ಮಟ್ಟಿಗಾದರೂ ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಅಂಥದ್ದೊಂದು ಮನೆ ಇರಬಾರದೇ? ಅಷ್ಟು ದೊಡ್ಡ ಕಾಳಿಯನ್ನೇ ಕಟ್ಟಿ ನಿಲ್ಲಿಸಿದ ಸರ್ಕಾರಕ್ಕೆ ನಾಲ್ಕು ಕೋಣೆ ಕಟ್ಟುವುದು ದೊಡ್ಡದೇ?

ಸರ್ಕಾರ ಕಟ್ಟುವವರೆಗೆ ಮನೆಯವರು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಎಂಟನೇ ತಿಂಗಳು ಹಿಡಿಯುತ್ತಲೇ ಯಾವ ಆಸ್ಪತ್ರೆ, ಯಾವ ವಾಹನ, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂದು ತೀರ್ಮಾನಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಕೂಸಿಗೆ ಒಗೆದು ಒಣಗಿಸಿದ ಮೆತ್ತನೆಯ ಹಳೆಬಟ್ಟೆ ಒಂದು ಚೀಲದಲ್ಲಿರಲಿ. ಮಳೆಗಾಲದಲ್ಲಿ ಬಟ್ಟೆ ಒಣಗಲು ನಾಲ್ಕು ದಿನ ಬೇಕೆಂಬುದು ನೆನಪಿರಲಿ. ಕೂಸು ದಿನವೂ ಎಷ್ಟು ಆಡುತ್ತದೆಂದು ತಾಯಿ ಗಮನಿಸುತ್ತಿರಲಿ. ದಿನ ತುಂಬಿದಾಗ ಜಾಗ ಸಾಲದೆ ಕೂಸು ಆಡುವುದು ಕಡಿಮೆಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಆಡುವ ಬಗೆ ಬದಲಾಗಬಹುದು, ಆಡುವುದು ಕಡಿಮೆಯಾಗಬಾರದು. ಬಿಡದ ತಲೆನೋವು, ಮಂಜಾಗುವ ಕಣ್ಣು, ಮುಖ ಕೈಗಳ ಊತ, ಪಕ್ಕೆಲುಬಿನ ಕೆಳಗೆ ನೋವು, ರಕ್ತ ಹೋಗುವುದು, ನೀರು ಸೋರುವುದು, ಜ್ವರ, ಫಿಟ್ಸು, ಕೂಸಿನ ಚಲನೆ ತಗ್ಗುವುದು. ಇವುಗಳಲ್ಲಿ ಒಂದು ಕಂಡರೂ ಯಾರನ್ನೂ ಕೇಳುತ್ತ ಕೂರಬೇಡಿ, ಹೊರಡಿ. ಗಂಡಸರೇ, ಇದು ಹೆಂಗಸರ ವಿಷಯವೆಂದು ಅಂಗಳದಲ್ಲಿ ಉಳಿಯಬೇಡಿ. ನಮ್ಮಲ್ಲಿ ಅಪ್ಪನಾದವನಿಗೆ ಮಗಳ ಉಂಗುರ ಬಿಗಿಯಾದದ್ದು ಕಂಡಿತ್ತು. ಕೇಳಲು ಸಂಕೋಚವಾಗಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಏನು ಹೇಳಿದರೂ ನಂಬಿ. ಹೇಳಿದರೆ ಗಾಬರಿಯಾಗುತ್ತೀರಿ ಎಂದು ಅವಳು ಮುಚ್ಚಿಟ್ಟುಕೊಳ್ಳುವಂತೆ ನಾವು ಇರಬಾರದು. ಬಾಮು ಹಚ್ಚಿ ಗದರುವವರಾಗಬಾರದು.

ಮೊಮ್ಮಗ ಈಗ ಅಂಗಡಿಯ ಗಲ್ಲಾಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ. ಇಡೀ ಮನೆಗೆ ಅವನದೇ ದರ್ಬಾರು. ಮಗಳು ಒಳ್ಳೆಯದಿದ್ದಾಳೆ. ರಕ್ತದೊತ್ತಡವನ್ನು ಆಗಾಗ ನೋಡಿಸಿಕೊಳ್ಳುತ್ತಾಳೆ. ಮುಂದಿನ ಸಲ ಮೊದಲಿನಿಂದಲೇ ಎಚ್ಚರ ಬೇಕೆಂದು ವೈದ್ಯರು ಹೇಳಿದ್ದಾರೆ.

ಕಳೆದ ವಾರ ಪಕ್ಕದ ಮನೆಯ ವಹಿನಿ ಸಂತೋಷದಿಂದ ಸಕ್ಕರೆ ಹಿಡಿದು ಬಂದರು. ಮಗಳಿಗೆ ಐದು ತಿಂಗಳು, ತಾರೀಕು ಆಗಸ್ಟಿನಲ್ಲಂತೆ. ‘ಮಳೆಗಾಲಕ್ಕೇ ಬಿತ್ತಲ್ಲ. ಕರೆತರದೆ ಇದ್ದರೆ ಜನ ಏನೆಂದಾರು?’ ಎಂದು ಕೇಳಿದರು. ನಾವು ಅವರನ್ನು ಕೂರಿಸಿ ಚಹಾ ಕೊಟ್ಟು ನಮ್ಮ ಕತೆಯೆಲ್ಲ ಹೇಳಿದೆವು. ಮರ ಬಿದ್ದದ್ದನ್ನೂ ಹೇಳಿದೆವು, ಬಾಮು ಹಚ್ಚಿದ್ದನ್ನೂ ಹೇಳಿದೆವು. ಮಗಳು ಈ ಸಲ ಗಂಡನ ಊರಿನಲ್ಲೇ ಇರಲಿ, ಜುಲೈ ಕೊನೆಗೆ ನೀವೇ ಗಂಟು ಕಟ್ಟಿಕೊಂಡು ಹೋಗಿ, ನೀವಿದ್ದಲ್ಲೇ ಅವಳಿಗೆ ತವರು ಎಂದೆವು.

ವಹಿನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಮ್ಮ ನಾಟಿ ಕೆಲಸ?’ ಎಂದರು.

ನಾವು ಮಾಡಿಸುತ್ತೇವೆ ಎಂದೆವು.